ಧರ್ಮದ ಸಂಕಿರಣದಲ್ಲಿ ‘ಇದು ನಿಜವಾ?’ ಅಂತ ಕೇಳಿದರೆ

ಧರ್ಮದ ಬಗ್ಗೆ ನಡೆಯುವ ವಿಚಾರ ಸಂಕಿರಣಗಳಲ್ಲಿ ಎಲ್ಲ ಪ್ರಶ್ನೆಗೂ ಜಾಗ ಇದೆ, ಒಂದನ್ನು ಬಿಟ್ಟು. ಆ ಧರ್ಮ ಯಾವ ಕಾಲದಲ್ಲಿ ಹುಟ್ಟಿತು ಅಂತ ಕೇಳಬಹುದು. ಸಮಾಜಕ್ಕೆ ಅದರ ಕೊಡುಗೆ ಏನು, ಅದರಲ್ಲಿ ಹೆಣ್ಣಿಗೆ ಯಾವ ಸ್ಥಾನ, ಇಂದಿನ ಯುವಕರಿಗೆ ಅದು ಎಷ್ಟು ಪ್ರಸ್ತುತ ಅಂತೆಲ್ಲ ಧಾರಾಳವಾಗಿ ಕೇಳಬಹುದು. ‘ಅದು ಹೇಳುವುದು ನಿಜವಾ?’ ಅಂತ ಮಾತ್ರ ಕೇಳುವ ಹಾಗಿಲ್ಲ. ಕೇಳಿದರೆ ಯಾರೂ ಬೈಯುವುದಿಲ್ಲ. ವೇದಿಕೆಯ ಮೇಲಿಂದ ಒಂದು ನಗು ಬರುತ್ತದೆ, ಅದರ ಹಿಂದೆಯೇ ಊಟದ ಪ್ರಕಟಣೆ ಬರುತ್ತದೆ.

ನಾನು ತುಮಕೂರಿನಲ್ಲಿ ತತ್ವಶಾಸ್ತ್ರ ಹೇಳಿಕೊಡುವವನು. ನನ್ನ ವಿಷಯ ತೆಗೆದುಕೊಳ್ಳುವ ವಿದ್ಯಾರ್ಥಿಗಳು ಕಮ್ಮಿ, ಸಂಕಿರಣದ ಕರೆಪತ್ರಗಳು ಜಾಸ್ತಿ. ‘ಧರ್ಮ ಮತ್ತು ವಿಶ್ವಶಾಂತಿ’, ‘ಧರ್ಮ ಮತ್ತು ಮಾನವೀಯ ಮೌಲ್ಯಗಳು’, ‘ಜಾಗತೀಕರಣದ ಸಂದರ್ಭದಲ್ಲಿ ಧರ್ಮ’. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಂತೂ ಇವುಗಳದ್ದೇ ಸುಗ್ಗಿ. ಕರೆಪತ್ರದ ಕೊನೆಯಲ್ಲಿ ನಿಯಮಗಳಿರುತ್ತವೆ. ಪ್ರಬಂಧ ನುಡಿ 01ಇ ಫಾಂಟಿನಲ್ಲಿರಬೇಕು, ಅಕ್ಷರದ ಗಾತ್ರ 14 ಇರಬೇಕು, ಎಂಟು ಪುಟ ಮೀರಬಾರದು. ಐಎಸ್‌ಬಿಎನ್ ಇರುವ ಸಂಪುಟದಲ್ಲಿ ಪ್ರಕಟಿಸುತ್ತೇವೆ. ನೋಂದಣಿ ಶುಲ್ಕದ ಕ್ಯೂಆರ್ ಕೋಡ್ ಇಲ್ಲಿದೆ. ಪ್ರಬಂಧದಲ್ಲಿ ಒಂದು ವಾದ ಇರಬೇಕು ಅಂತ ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಉದ್ಘಾಟನೆಯ ಕ್ರಮ ನಿಮಗೂ ಗೊತ್ತು. ಹತ್ತೂವರೆಗೆ ಅಂದದ್ದು ಹನ್ನೊಂದು ಮುಕ್ಕಾಲಿಗೆ ಶುರು. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆಶಯ ಭಾಷಣ ಮಾಡುವವರು ‘ಸಮಯದ ಅಭಾವ ಇರೋದರಿಂದ ಎರಡೇ ಮಾತು’ ಅಂತ ಹೇಳಿ ಒಂದು ಗಂಟೆ ಮಾತಾಡುತ್ತಾರೆ. ಮಧ್ಯಾಹ್ನ ಹೋಳಿಗೆ ಊಟದ ಮೇಲೆ ಸಮಾನಾಂತರ ಗೋಷ್ಠಿಗಳು. ಒಬ್ಬೊಬ್ಬರಿಗೆ ಏಳು ನಿಮಿಷ. ಐದನೇ ನಿಮಿಷಕ್ಕೆ ಚೀಟಿ, ಏಳಕ್ಕೆ ಗಂಟೆ. ಓದಿ ಮುಗಿಸಿದವರು ಹಿಂದಿನ ಬಾಗಿಲಿಂದ ಹೊರಟು ಪ್ರಮಾಣಪತ್ರದ ಮೇಜಿನ ಮುಂದೆ ನಿಲ್ಲುತ್ತಾರೆ. ಕೊನೆಯವರು ಓದುವಾಗ ಕೇಳುವುದಕ್ಕೆ ಉಳಿಯುವುದು ಅಧ್ಯಕ್ಷರು, ವಂದನಾರ್ಪಣೆ ಮಾಡಬೇಕಾದವರು ಮತ್ತು ಎದ್ದು ಹೋದರೆ ಹಾಜರಾತಿ ಸಿಗದ ವಿದ್ಯಾರ್ಥಿಗಳು.

ಅಂಥ ಒಂದು ಗೋಷ್ಠಿಯಲ್ಲಿ ನಡೆದದ್ದು ಹೇಳುತ್ತೇನೆ. ಒಬ್ಬರು ‘ಎಲ್ಲ ಧರ್ಮಗಳ ಸಾರ ಒಂದೇ’ ಅಂತ ಪ್ರಬಂಧ ಓದಿದರು. ಚೆನ್ನಾಗಿಯೇ ಓದಿದರು, ಚಪ್ಪಾಳೆಯೂ ಬಂತು. ಹಿಂದಿನ ಸಾಲಿನಿಂದ ಬಿ.ಎ. ಓದುವ ಹುಡುಗಿಯೊಬ್ಬಳು ಎದ್ದಳು. ‘ಸರ್, ಜೈನರಲ್ಲಿ ಸೃಷ್ಟಿ ಮಾಡಿದ ದೇವರು ಅಂತ ಇಲ್ವಲ್ಲ. ಬೌದ್ಧರಲ್ಲಿ ನಿತ್ಯವಾದ ಆತ್ಮವೇ ಇಲ್ಲ. ಹಾಗಾದ್ರೆ ಸಾರ ಒಂದೇ ಅಂದ್ರೆ ಯಾವುದು ಒಂದು?’ ಅಂದಳು. ಮಂದರಗಿರಿಯ ಬಸದಿಗಳು ನಮ್ಮ ಊರಿನ ಪಕ್ಕದಲ್ಲೇ ಇವೆ. ಶಾಲೆಯ ಪ್ರವಾಸದಲ್ಲಿ ಬೆಟ್ಟ ಹತ್ತಿದವಳಿರಬೇಕು. ಪ್ರಬಂಧ ಓದಿದವರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಗಡಿಯಾರ ನೋಡಿದರು. ‘ಬಹಳ ಒಳ್ಳೆಯ ಪ್ರಶ್ನೆಯಮ್ಮ, ಚಹಾ ವಿರಾಮದಲ್ಲಿ ಮಾತಾಡೋಣ’ ಅಂದರು. ಚಹಾ ವಿರಾಮದಲ್ಲಿ ಎಲ್ಲರೂ ಗ್ರೂಪ್ ಫೋಟೋ ತೆಗೆಸಿಕೊಂಡರು.

ಆ ದಿನದ ಒಟ್ಟು ಪ್ರಬಂಧಗಳಿಗಿಂತ ಆ ಒಂದು ಪ್ರಶ್ನೆಯಲ್ಲಿ ಜಾಸ್ತಿ ತತ್ವಶಾಸ್ತ್ರ ಇತ್ತು ಅಂತ ನನ್ನ ಲೆಕ್ಕ. ‘ಸಾರ ಒಂದೇ’ ಅನ್ನುವ ಮಾತಿನ ಹಿಂದೆ ಒಳ್ಳೆಯ ಮನಸ್ಸಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಳ್ಳೆಯ ಮನಸ್ಸು ವಾದಕ್ಕೆ ಬದಲಿಯಲ್ಲ. ಜೈನ ಆಚಾರ್ಯರು ಸೃಷ್ಟಿಕರ್ತ ಯಾಕೆ ಬೇಡ ಅಂತ ನೂರಾರು ವರ್ಷ ವಾದಿಸಿದ್ದಾರೆ. ನ್ಯಾಯದರ್ಶನದ ತರ್ಕಪಂಡಿತರು, ಅಂದರೆ ನೈಯಾಯಿಕರು, ಬೇಕೇ ಬೇಕು ಅಂತ ಅಷ್ಟೇ ಕಾಲ ವಾದಿಸಿದ್ದಾರೆ. ಇಬ್ಬರ ಸಾರವೂ ಒಂದೇ ಅಂದುಬಿಟ್ಟರೆ ಇಬ್ಬರಿಗೂ ಮರ್ಯಾದೆ ಕೊಟ್ಟ ಹಾಗೆ ಕಾಣುತ್ತದೆ. ನಿಜದಲ್ಲಿ ಇಬ್ಬರ ಮಾತನ್ನೂ ಕೇಳಿಸಿಕೊಂಡಿಲ್ಲ ಅಂತಲೇ ಅರ್ಥ.

ಇದೇ ನಿಲುವನ್ನು ವಾದ ಮಾಡಿ ನಿಲ್ಲಿಸಿದವರೂ ಇದ್ದಾರೆ. ಇಂಗ್ಲೆಂಡಿನ ಜಾನ್ ಹಿಕ್ 1989ರಲ್ಲಿ ಇದಕ್ಕೆಂದೇ ದೊಡ್ಡ ಪುಸ್ತಕ ಬರೆದರು. ಪರಮ ಸತ್ಯವನ್ನು ಅದು ಇರುವ ಹಾಗೆ ಯಾರೂ ಕಾಣುವುದಿಲ್ಲ, ಪ್ರತಿಯೊಂದು ಪರಂಪರೆಯೂ ತನ್ನ ಭಾಷೆ, ಅಭ್ಯಾಸಗಳ ಮೂಲಕ ಕಾಣುತ್ತದೆ ಅನ್ನುವುದು ಅವರ ವಾದ. ಮನುಷ್ಯ ತನ್ನನ್ನೇ ಕೇಂದ್ರ ಮಾಡಿಕೊಳ್ಳುವುದನ್ನು ಬಿಟ್ಟು ಆ ಸತ್ಯದ ಕಡೆ ತಿರುಗಿದನೋ ಇಲ್ಲವೋ ಅನ್ನುವುದೇ ಧರ್ಮಕ್ಕೆ ಪರೀಕ್ಷೆ ಅಂದರು. ಟೀಕಾಕಾರರು ತಕ್ಷಣ ಹಿಡಿದುಕೊಂಡರು. ಹಾಗಾದರೆ ಪ್ರತಿಯೊಂದು ಧರ್ಮವೂ ತನ್ನ ಬಗ್ಗೆ ಹೇಳಿಕೊಳ್ಳುವ ವಿಶೇಷ ಮಾತುಗಳೆಲ್ಲ ಇದ್ದ ಹಾಗೆ ನಿಜ ಅಲ್ಲ ಅಂತಾಯಿತಲ್ಲ? ಆ ಪರಮ ಸತ್ಯ ಒಳ್ಳೆಯದು ಅಂತ ಕೂಡ ಹೇಳಲಾಗದಿದ್ದರೆ ಅದರ ಕಡೆ ಯಾಕೆ ತಿರುಗಬೇಕು? ಆ ಹುಡುಗಿಯ ಪ್ರಶ್ನೆಯೂ ಇದೇ ದಾರಿಯಲ್ಲಿತ್ತು. ಹಿಕ್ ಇದ್ದಿದ್ದರೆ ಕೂತು ಉತ್ತರ ಕೊಡುತ್ತಿದ್ದರು.

ನಮ್ಮಲ್ಲಿ ಯಾಕೆ ಕೊಡುವುದಿಲ್ಲ? ಹೆದರಿಕೆ ಅಂತ ಒಂದೇ ಮಾತಲ್ಲಿ ಮುಗಿಸುವುದು ಸರಿಯಲ್ಲ ಅನ್ನಿಸುತ್ತದೆ. ಹೆದರಿಕೆಯೂ ಇದೆ, ಅದೂ ಈಚೆಗೆ ಜಾಸ್ತಿಯಾಗಿದೆ. ಅದಕ್ಕಿಂತ ಮೊದಲು ದಾಕ್ಷಿಣ್ಯ ಇದೆ. ನಮ್ಮ ಊರಿನಲ್ಲಿ ಧರ್ಮ ಅಂದರೆ ಊಟ, ಹಾಸ್ಟೆಲ್, ಫೀಸು. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರು ಈ ಜಿಲ್ಲೆಯ ಪ್ರತಿ ಕಚೇರಿಯಲ್ಲೂ ಇದ್ದಾರೆ. ಸಂಕಿರಣದ ಮುಂದಿನ ಸಾಲಿನಲ್ಲೂ ಇರುತ್ತಾರೆ. ಅನ್ನ ಇಟ್ಟ ಕೈಯನ್ನು ‘ನಿಮ್ಮ ಸಿದ್ಧಾಂತಕ್ಕೆ ಪುರಾವೆ ಏನು’ ಅಂತ ಕೇಳುವುದು ನಾಲಿಗೆಗೆ ಬರುವುದಿಲ್ಲ. ಇದು ಕೆಟ್ಟ ಗುಣ ಅಲ್ಲ. ತೊಂದರೆ ಏನೆಂದರೆ, ಪ್ರಶ್ನೆ ಕೇಳುವುದೇ ವಿರೋಧ ಮಾಡಿದ ಹಾಗೆ ಅಂತ ನಾವು ಭಾವಿಸಿಬಿಟ್ಟಿದ್ದೇವೆ.

ಈ ಭಾವನೆಗೆ ಒಂದು ಕಾರಣ ಪಕ್ಕದ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರ ನೆನಪು ಇರಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಭೌತಶಾಸ್ತ್ರದ ಮೇಷ್ಟ್ರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಅಂತ ಜೀವನವಿಡೀ ಹೇಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡುವ ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಮುಂದೆ ಪವಾಡ ತೋರಿಸಿ ಅಂತ ಕೇಳಿದರು. ಉತ್ತರ ಬರಲಿಲ್ಲ, ಗದ್ದಲ ಮಾತ್ರ ಆಯಿತು. ಅಂದಿನಿಂದ ನಮ್ಮ ಕಡೆ ‘ನಿಜವಾ?’ ಅಂದರೆ ಜನಕ್ಕೆ ಎಚ್ಚೆನ್ ನೆನಪಾಗುತ್ತಾರೆ. ಕೇಳಿದವನು ವಿಚಾರವಾದಿ, ಅಂದರೆ ಧರ್ಮದ ವಿರೋಧಿ ಅಂತ ತೀರ್ಮಾನ.

ಎಚ್ಚೆನ್ ಬಗ್ಗೆ ನನಗೆ ಬಹಳ ಗೌರವ. ಆದರೆ ಅವರ ಪ್ರಶ್ನೆ ಬೇರೆ, ನನ್ನದು ಬೇರೆ. ಗಾಳಿಯಿಂದ ವಿಭೂತಿ ಬಂತು ಅಂದರೆ ಮುಂದೆ ಕೂತು ಪರೀಕ್ಷೆ ಮಾಡಬಹುದು. ಆ ಸಮಿತಿಯ ಹೆಸರಿನಲ್ಲೇ ‘ಪರೀಕ್ಷಿಸಬಹುದಾದ’ ಅನ್ನುವ ಮಾತಿತ್ತು. ಜಗತ್ತು ಮಿಥ್ಯೆ ಅಂದರೆ? ಜೀವಗಳು ಅನಂತ ಅಂದರೆ? ಅಂಗವೇ ಲಿಂಗವಾಗುತ್ತದೆ ಅಂದರೆ? ಇದಕ್ಕೆ ಕ್ಯಾಮೆರಾ ಇಡುವುದಕ್ಕಾಗುವುದಿಲ್ಲ. ವಾದದಲ್ಲಿ ಮಾತ್ರ ಪರೀಕ್ಷೆ ಮಾಡಬಹುದು. ಹಾಗೆ ಮಾಡುವವನು ಭಕ್ತನೂ ಆಗಿರಬಹುದು. ನಮ್ಮ ಹಳಬರು ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಮೊದಲು ಹೇಳಿ ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ಅವರಲ್ಲಿ ಬಹಳಷ್ಟು ಜನ ಮೂರು ಹೊತ್ತು ಪೂಜೆ ಮಾಡುತ್ತಿದ್ದವರೇ.

ಹೊರಗಡೆ ಹೇಗಿದೆ ಅಂತ ನೋಡುವ ಅವಕಾಶ ಕೊರೊನಾ ಕಾಲದಲ್ಲಿ ಸಿಕ್ಕಿತು. ಅಮೆರಿಕನ್ ಅಕಾಡೆಮಿ ಆಫ್ ರಿಲಿಜನ್ ಅಂತ ಒಂದು ಸಂಸ್ಥೆ ಇದೆ. ಅದರ ವಾರ್ಷಿಕ ಸಮ್ಮೇಳನ ನವೆಂಬರಿನಲ್ಲಿ, ಬೈಬಲ್ ವಿದ್ವಾಂಸರ ಸಂಘದ ಜೊತೆ ಸೇರಿ ನಡೆಯುತ್ತದೆ. ಧರ್ಮದ ಅಧ್ಯಯನದಲ್ಲಿ ಅದಕ್ಕಿಂತ ದೊಡ್ಡ ಜಾತ್ರೆ ಇಲ್ಲ. ಹೊಸ ಪಿಎಚ್‌ಡಿಯವರು ಅಲ್ಲಿಗೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಪ್ರಕಾಶಕರು ಪುಸ್ತಕದ ಮಳಿಗೆ ಹಾಕುತ್ತಾರೆ, ಸಂಪಾದಕರು ಕಾಫಿ ಕುಡಿಯುತ್ತಾ ಹಸ್ತಪ್ರತಿ ಮಾತಾಡುತ್ತಾರೆ. 2020ರಲ್ಲಿ ಬಾಸ್ಟನ್ನಿನಲ್ಲಿ ನಡೆಯಬೇಕಿದ್ದದ್ದು ಪೂರ್ತಿ ಆನ್‌ಲೈನ್ ಆಯಿತು. ವೀಸಾ ಬೇಡ, ವಿಮಾನ ಬೇಡ. ಅಲ್ಲಿನ ಮಧ್ಯಾಹ್ನ ಮೂರು ಗಂಟೆ ಅಂದರೆ ತುಮಕೂರಿನಲ್ಲಿ ರಾತ್ರಿ ಒಂದೂವರೆ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ.

ಮೊದಲು ಹೇಳಬೇಕಾದ್ದು ಗುಣಮಟ್ಟ. ಓದಿದ ಪ್ರತಿಯೊಂದು ಪ್ರಬಂಧಕ್ಕೂ ಒಬ್ಬರು ಮೊದಲೇ ಓದಿಕೊಂಡು ಬಂದು ಪ್ರತಿಕ್ರಿಯೆ ಕೊಟ್ಟರು. ಚರ್ಚೆಗೆ ಸಮಯ ತೆಗೆದಿಟ್ಟಿದ್ದರು, ಅದನ್ನು ಯಾರೂ ನುಂಗಲಿಲ್ಲ. ಒಂದು ಗೋಷ್ಠಿ ದಕ್ಷಿಣ ಭಾರತದ ಯಾತ್ರೆಗಳ ಬಗ್ಗೆ ಇತ್ತು. ಯಾತ್ರಿಕರು ಏನು ಉಡುತ್ತಾರೆ, ಯಾರ ಜೊತೆ ಉಣ್ಣುತ್ತಾರೆ, ಹರಕೆಗೆ ಎಷ್ಟು ಸಾಲ ಮಾಡುತ್ತಾರೆ ಅಂತ ಎಷ್ಟು ಸೂಕ್ಷ್ಮವಾಗಿ ನೋಡಿದ್ದರು ಅಂದರೆ, ಇಲ್ಲೇ ಹುಟ್ಟಿದ ನಾನು ಅದನ್ನೆಲ್ಲ ಗಮನಿಸಿರಲಿಲ್ಲ. ಚಾಟ್ ಪೆಟ್ಟಿಗೆಯಲ್ಲಿ ನಾನೊಂದು ಪ್ರಶ್ನೆ ಹಾಕಿದೆ. ‘ಆ ಯಾತ್ರಿಕರು ನಂಬಿರುವ ಮಾತು ನಿಜವೋ ಅಲ್ಲವೋ ಅನ್ನುವುದು ನಿಮ್ಮ ಅಧ್ಯಯನಕ್ಕೆ ಮುಖ್ಯವಾ?’ ಪ್ರಬಂಧಕಾರರು ಬಹಳ ಸೌಜನ್ಯದಿಂದ ಉತ್ತರಿಸಿದರು. ಅದು ತಮ್ಮ ಕ್ಷೇತ್ರದ ಪ್ರಶ್ನೆಯಲ್ಲ ಅಂದರು. ನಮ್ಮಲ್ಲಿ ದಾಕ್ಷಿಣ್ಯ ಮಾಡುವ ಕೆಲಸವನ್ನು ಅಲ್ಲಿ ವಿಧಾನ ಮಾಡುತ್ತದೆ ಅಂತ ಆಗ ಹೊಳೆಯಿತು.

ಅದಕ್ಕೆ ಚರಿತ್ರೆ ಇದೆ. ಆ ಅಕಾಡೆಮಿ 1909ರಲ್ಲಿ ಬೈಬಲ್ ಪಾಠ ಮಾಡುವ ಅಧ್ಯಾಪಕರ ಸಂಘವಾಗಿ ಶುರುವಾದದ್ದು. ಈಗಿನ ಹೆಸರು ಇಟ್ಟುಕೊಂಡದ್ದು 1963ರಲ್ಲಿ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠಣ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಆದರೆ ಧರ್ಮಗಳ ಬಗ್ಗೆ ನಿಷ್ಪಕ್ಷಪಾತವಾಗಿ ಪಾಠ ಮಾಡುವುದಕ್ಕೆ ಅಡ್ಡಿಯಿಲ್ಲ ಅಂತಲೂ ಹೇಳಿತು. ಆ ಬಾಗಿಲಿನಿಂದಲೇ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಧರ್ಮ ಅಧ್ಯಯನದ ವಿಭಾಗಗಳು ಬೆಳೆದವು. ಯಾವ ಧರ್ಮ ಸರಿ ಅಂತ ಹೇಳುವುದಿಲ್ಲ ಅನ್ನುವ ಷರತ್ತಿನ ಮೇಲೆ ಅವು ನಿಂತಿವೆ. ಷರತ್ತು ನ್ಯಾಯವಾದದ್ದೇ. ಆದರೆ ಷರತ್ತು ಅಭ್ಯಾಸವಾಯಿತು, ಅಭ್ಯಾಸ ನಂಬಿಕೆಯಾಯಿತು.

ನಮ್ಮ ಸಂವಿಧಾನದ 28ನೇ ವಿಧಿಯೂ ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಬೇಡ ಅನ್ನುತ್ತದೆ. ಧರ್ಮಗಳ ಬಗ್ಗೆ ಪಾಠ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಆದರೂ ಅಂಥ ವಿಭಾಗಗಳು ಇಲ್ಲಿ ಬೆಳೆಯಲಿಲ್ಲ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಒಂದು ಶುರುವಾಯಿತು, ಆಮೇಲೆ ಅಲ್ಲೊಂದು ಇಲ್ಲೊಂದು. ಹಾಗಾಗಿ ಧರ್ಮದ ಸಂಕಿರಣವನ್ನು ನಮ್ಮಲ್ಲಿ ಕನ್ನಡದವರು ಮಾಡುತ್ತಾರೆ, ಇತಿಹಾಸದವರು ಮಾಡುತ್ತಾರೆ, ಸಮಾಜಶಾಸ್ತ್ರದವರು ಮಾಡುತ್ತಾರೆ. ತತ್ವಶಾಸ್ತ್ರದವನಿಗೆ ಅಲ್ಲಿ ಅಧ್ಯಕ್ಷತೆ ಸಿಗುತ್ತದೆ. ಗಂಟೆ ಬಾರಿಸುವ ಕೆಲಸ.

ಇನ್ನು ‘ನಿಜವಾ?’ ಅಂತ ಕೇಳುವ ಕಡೆ ಹೋಗೋಣ ಅಂದರೆ, ಧರ್ಮದ ತತ್ವಶಾಸ್ತ್ರ ಅಂತ ಪಶ್ಚಿಮದಲ್ಲಿ ಒಂದು ಕಟ್ಟುಮಸ್ತಾದ ಕ್ಷೇತ್ರ ಇದೆ. ಅಲ್ಲಿ ಬೇರೆ ಪ್ರಶ್ನೆಯೇ ಇಲ್ಲ, ಇದೊಂದೇ. ದೇವರು ಇದ್ದಾನೆಯೇ, ಇದ್ದರೆ ಕೆಡುಕು ಯಾಕೆ ಇದೆ, ಪವಾಡದ ಸಾಕ್ಷಿಯನ್ನು ಎಷ್ಟು ನಂಬಬೇಕು. ಓದುವುದಕ್ಕೆ ಮೈ ಜುಂ ಅನ್ನುತ್ತದೆ. ಆದರೆ ಆ ದೇವರು ಬಹುಮಟ್ಟಿಗೆ ಒಬ್ಬನೇ. ಸರ್ವಜ್ಞ, ಸರ್ವಶಕ್ತ, ಪೂರ್ತಿ ಒಳ್ಳೆಯವನು, ಜಗತ್ತನ್ನು ಶೂನ್ಯದಿಂದ ಸೃಷ್ಟಿ ಮಾಡಿದವನು. ಅಲ್ಲಿ ದೊಡ್ಡ ಹೆಸರುಗಳಲ್ಲಿ ಹಲವರು ಕ್ರೈಸ್ತ ತತ್ವಜ್ಞರು, 1978ರಿಂದ ಅವರದ್ದೇ ಒಂದು ಸಂಘವೂ ಇದೆ. ಈಚೆಗೆ ಬೇರೆ ಪರಂಪರೆಗಳಿಗೂ ಬಾಗಿಲು ತೆರೆಯುತ್ತಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೂ ಬಯಲನ್ನೇ ಪರಮ ಅನ್ನುವ ಅಲ್ಲಮನನ್ನು ಕರೆದುಕೊಂಡು ಹೋದರೆ ಎಲ್ಲಿ ಕೂರಿಸಬೇಕು ಅಂತ ಅವರಿಗೆ ತಿಳಿಯುವುದಿಲ್ಲ.

ನನ್ನ ಪ್ರಕಟಣೆಯ ಕಷ್ಟ ಎಲ್ಲ ಈ ಎರಡು ಮನೆಗಳ ನಡುವಿನ ಓಣಿಯಲ್ಲೇ ಇದೆ. ಒಂದು ಕಡೆ ಅಲ್ಲಮನಿಗೆ ಜಾಗ ಇದೆ, ‘ನಿಜವಾ?’ ಅನ್ನುವುದಕ್ಕಿಲ್ಲ. ಇನ್ನೊಂದು ಕಡೆ ‘ನಿಜವಾ?’ ಅನ್ನುವುದಕ್ಕೆ ಜಾಗ ಇದೆ, ಅಲ್ಲಮನಿಗಿಲ್ಲ.

ನಾನು ಬರೆದದ್ದು ಶೂನ್ಯಸಂಪಾದನೆಯ ಒಂದು ಪ್ರಸಂಗದ ಬಗ್ಗೆ. ಅಲ್ಲಮನಿಗೂ ಬೇರೆ ಶರಣರಿಗೂ ನಡೆದ ಮಾತುಕತೆಯನ್ನು ವಚನಗಳ ಮೂಲಕ ಕಟ್ಟಿಕೊಡುವ ಗ್ರಂಥ ಅದು. ಆ ಗ್ರಂಥದ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದು ಗೂಳೂರು ಸಿದ್ಧವೀರಣ್ಣೊಡೆಯರದ್ದು. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೆ ಗೂಳೂರು ಬರುತ್ತದೆ. ಈಗ ಜನಕ್ಕೆ ಗೊತ್ತಿರುವುದು ಕಾರ್ತಿಕ ಮಾಸದ ದೊಡ್ಡ ಮಣ್ಣಿನ ಗಣಪ. ಇನ್ನೂ ಮುಂದೆ ಕುಣಿಗಲ್ ದಾಟಿ ಹಾಸನದ ಕಡೆ ಹೋದರೆ ಎಡೆಯೂರು, ಸಿದ್ಧವೀರಣ್ಣೊಡೆಯರ ಗುರುಪರಂಪರೆಯ ತೋಂಟದ ಸಿದ್ಧಲಿಂಗರ ಗದ್ದುಗೆ. ಧರ್ಮದ ಬಗ್ಗೆ ಹೇಗೆ ಗೋಷ್ಠಿ ನಡೆಸಬೇಕು ಅಂತ ತೋರಿಸುವ ಪುಸ್ತಕ ನಮ್ಮ ಜಿಲ್ಲೆಯಲ್ಲೇ ಕೊನೆಯ ರೂಪ ಪಡೆಯಿತು ಅಂತ ನನಗೆ ಒಳಗೊಳಗೇ ಹೆಮ್ಮೆ. ಅಲ್ಲಿ ಯಾರು ಬಂದರೂ ಅಲ್ಲಮ ಬಿಡುವುದಿಲ್ಲ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಒಡ್ಡ ಅಂತ ಕರೆದು ಕೆಣಕುತ್ತಾನೆ. ಅಣ್ಣನನ್ನು ಕಳೆದುಕೊಂಡು ಅಳುತ್ತಿದ್ದ ಮುಕ್ತಾಯಕ್ಕನನ್ನೂ ಬಿಡುವುದಿಲ್ಲ, ಅವಳೂ ಅವನನ್ನು ಬಿಡುವುದಿಲ್ಲ. ಅಕ್ಕಮಹಾದೇವಿ ಬಂದಾಗ ನಿನ್ನ ಗಂಡ ಯಾರು ಹೇಳು ಅಂತ ಸಭೆಯ ಎದುರೇ ಕೇಳುತ್ತಾನೆ. ಪೇಟವೂ ಇಲ್ಲ, ಹಣ್ಣಿನ ಬುಟ್ಟಿಯೂ ಇಲ್ಲ.

ನಾನು ಹಿಡಿದುಕೊಂಡದ್ದು ಗೋರಕ್ಷನ ಪ್ರಸಂಗ. ಗೋರಕ್ಷ ನಾಥಪಂಥದ ಯೋಗಿ, ಕಾಯಸಿದ್ಧಿ ಪಡೆದವನು, ಮೈ ವಜ್ರವಾಗಿದೆ ಅನ್ನುವವನು. ಬೇಕಾದರೆ ಹೊಡೆದು ನೋಡು ಅಂತ ಕತ್ತಿ ಕೊಡುತ್ತಾನೆ. ಅಲ್ಲಮ ಹೊಡೆಯುತ್ತಾನೆ. ಖಣಿಲ್ ಅಂತ ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅಲ್ಲಮ ನಕ್ಕು, ಈಗ ನನ್ನನ್ನು ಹೊಡಿ ಅನ್ನುತ್ತಾನೆ. ಗೋರಕ್ಷ ಬೀಸಿದ ಕತ್ತಿ ಬಯಲಿನಲ್ಲಿ ಬೀಸಿದ ಹಾಗೆ ಆ ಮೈಯೊಳಗೆ ಹಾದುಹೋಗುತ್ತದೆ. ಗೋರಕ್ಷ ಶರಣಾಗುತ್ತಾನೆ.

ಇದನ್ನು ಎಲ್ಲರೂ ಪವಾಡದ ಪೈಪೋಟಿ ಅಂತ ಓದುತ್ತಾರೆ. ಒಬ್ಬನದು ದೊಡ್ಡ ಪವಾಡ, ಇನ್ನೊಬ್ಬನದು ಅದಕ್ಕಿಂತ ದೊಡ್ಡದು. ಅಲ್ಲ, ಇದೊಂದು ವಾದ ಅಂತ ನನ್ನ ಪ್ರಬಂಧ. ಗೋರಕ್ಷ ಒಂದು ಅಳತೆಗೋಲು ಇಟ್ಟುಕೊಂಡಿದ್ದಾನೆ. ಯಾವುದು ಮುರಿಯುವುದಿಲ್ಲವೋ ಅದು ಮುಕ್ತ. ಅಲ್ಲಮ ಪ್ರಶ್ನೆ ಮಾಡುತ್ತಿರುವುದು ಗೋರಕ್ಷನ ಮೈಯನ್ನಲ್ಲ, ಆ ಅಳತೆಗೋಲನ್ನು. ಕತ್ತಿಗೆ ಎದುರು ನಿಲ್ಲುವ ಮೈ ಕತ್ತಿ ಇರುವ ಲೋಕದಲ್ಲೇ ಇದೆ. ಖಣಿಲ್ ಅನ್ನುವ ಸದ್ದೇ ಅದಕ್ಕೆ ಸಾಕ್ಷಿ. ಸದ್ದಾಯಿತು ಅಂದರೆ ಎರಡು ವಸ್ತು ತಗುಲಿತು ಅಂತ ಅರ್ಥ. ಪವಾಡ ನಡೆಯಿತೋ ಇಲ್ಲವೋ ಅನ್ನುವುದನ್ನು ಪಕ್ಕಕ್ಕಿಟ್ಟರೂ ಈ ವಾದ ನಿಲ್ಲುತ್ತದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಶುರುಮಾಡಿ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿದೆ. ಹಾಗಾಗಿ ಹೊರಗಿನ ವಿಮರ್ಶಕರಿಗೆ ಮೂಲ ಸಿಗುವುದಿಲ್ಲ ಅನ್ನುವ ಚಿಂತೆ ಇರಲಿಲ್ಲ. ಧರ್ಮ ಅಧ್ಯಯನದ ಪತ್ರಿಕೆಯೊಂದಕ್ಕೆ ಕಳಿಸಿದೆ. ಬಹಳ ತಿಂಗಳಾದ ಮೇಲೆ ಉತ್ತರ ಬಂತು. ಯಾವ ಪರಿಷ್ಕರಣ, ಯಾವ ಮಠದ ಓದುಗರಿಗಾಗಿ, ನಾಥಪಂಥದ ಜೊತೆ ಆ ಕಾಲಕ್ಕೆ ಯಾವ ಪೈಪೋಟಿ ಇತ್ತು ಅಂತ ವಿಮರ್ಶಕರು ಕೇಳಿದ್ದರು. ಒಳ್ಳೆಯ ಪ್ರಶ್ನೆಗಳು. ಕೊನೆಯಲ್ಲಿ ಒಂದು ಸಾಲು. ವಾದ ಗೆಲ್ಲುತ್ತದೋ ಇಲ್ಲವೋ ಅಂತ ಲೇಖಕರು ತೀರ್ಪು ಕೊಡುವುದು ಯಾಕೆ, ಇದು ತತ್ವಶಾಸ್ತ್ರದ ಪತ್ರಿಕೆಗೆ ಸೂಕ್ತ. ತತ್ವಶಾಸ್ತ್ರದ ಪತ್ರಿಕೆಗೆ ಕಳಿಸಿದೆ. ಅಲ್ಲಿನವರು ವಾದವನ್ನು ಒಂದು, ಎರಡು, ಮೂರು ಅಂತ ಬಿಡಿಸಿ ಬರೆಯಿರಿ ಅಂದರು. ಪವಾಡದ ಸಾಕ್ಷಿಯನ್ನು ನಂಬುವ ಬಗ್ಗೆ 1748ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞ ಡೇವಿಡ್ ಹ್ಯೂಮ್ ಹೇಳಿದ್ದಕ್ಕೆ ಯಾಕೆ ಉತ್ತರ ಕೊಟ್ಟಿಲ್ಲ ಅಂತ ಕೇಳಿದರು. ಇದು ಪವಾಡದ ಸಾಕ್ಷಿಯ ಪ್ರಶ್ನೆಯೇ ಅಲ್ಲ ಅಂತ ಮೂರನೇ ಪುಟದಲ್ಲೇ ಬರೆದಿದ್ದೆ. ಕೊನೆಯಲ್ಲಿ ಇಲ್ಲೂ ಒಂದು ಸಾಲು. ವಿಷಯ ಕುತೂಹಲಕಾರಿಯಾಗಿದೆ, ಧರ್ಮ ಅಧ್ಯಯನದ ಪತ್ರಿಕೆಗೆ ಸೂಕ್ತ.

ಈ ನಡುವೆ ಇಮೇಲಿಗೆ ದಿನಾ ಬೇರೆ ಥರದ ಪತ್ರಗಳು. ‘ಗೌರವಾನ್ವಿತ ಪ್ರೊಫೆಸರ್ ಅವರಿಗೆ ಶುಭಾಶಯ’. ಮೂರು ದಿನದಲ್ಲಿ ಪ್ರಕಟಣೆ, ಶುಲ್ಕ ಸಾವಿರದೈನೂರು, ಪ್ರಮಾಣಪತ್ರ ಉಚಿತ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಅಧ್ಯಾಪಕರ ಬಡ್ತಿಗೆ ಅಂಕ ಕೊಡುವ ಪದ್ಧತಿ ತಂದ ಮೇಲೆ ಈ ವ್ಯಾಪಾರ ಬೆಳೆಯಿತು. ಬಡ್ತಿಗೆ ಲೇಖನ ಬೇಕು, ಲೇಖನಕ್ಕೆ ಪತ್ರಿಕೆ ಬೇಕು, ಬೇಕು ಅಂದವರಿಗೆ ಒದಗಿಸುವವರು ಹುಟ್ಟಿಕೊಂಡರು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. 2019ರಲ್ಲಿ ಒಪ್ಪಿದ ಪತ್ರಿಕೆಗಳ ಹೊಸ ಪಟ್ಟಿ, ಕೇರ್ ಪಟ್ಟಿ, ಬಂತು. 2022ರಲ್ಲಿ ಪಿಎಚ್‌ಡಿಗೆ ಲೇಖನ ಪ್ರಕಟಣೆ ಕಡ್ಡಾಯ ಅಲ್ಲ ಅಂತಾಯಿತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೂ ಕೈಬಿಟ್ಟರು, ಇನ್ನು ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ ಅಂದರು. ಪಟ್ಟಿ ಇದ್ದಾಗ ‘ಪಟ್ಟಿಯಲ್ಲಿದೆಯಾ?’ ಅಂತ ಕೇಳುತ್ತಿದ್ದರು. ಈಗ ಏನು ಕೇಳಬೇಕು ಅಂತ ಕಚೇರಿಯವರಿಗೂ ಗೊತ್ತಿಲ್ಲ. ಓದಿ ನೋಡಿದರೆ ಆಯಿತಲ್ವಾ ಅಂತ ಯಾರಿಗೂ ಹೊಳೆಯುವುದಿಲ್ಲ.

ಸಂಕಿರಣದ ಸಂಪುಟಗಳ ಕಥೆ ಇನ್ನೊಂದು. ಯೂನಿಕೋಡಿನಲ್ಲಿ ಬರೆದದ್ದನ್ನು ನುಡಿಗೆ ಬದಲಾಯಿಸುವಾಗ ನನ್ನ ಲೇಖನದ ಅರ್ಕಾವೊತ್ತುಗಳೆಲ್ಲ ಜಾಗ ಬದಲಿಸಿಕೊಂಡು, ‘ಧರ್ಮ’ ಇದ್ದ ಕಡೆಯಲ್ಲೆಲ್ಲ ಏನೋ ಒಂದು ಅಚ್ಚಾಗಿತ್ತು. ಯಾರೂ ದೂರು ಹೇಳಲಿಲ್ಲ. ಯಾರಾದರೂ ಓದಿದ್ದರೆ ತಾನೆ.

ಎಂ. ಹಿರಿಯಣ್ಣನವರ ಭಾರತೀಯ ತತ್ವಶಾಸ್ತ್ರದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1932ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. ಈಗಲೂ ಪಠ್ಯಪುಸ್ತಕವಾಗಿ ಓದುತ್ತಾರೆ. ಅವರಿಗೆ ಇಂದು ಬಡ್ತಿ ಸಿಗುತ್ತಿರಲಿಲ್ಲ ಅಂತ ತಮಾಷೆ ಮಾಡುವುದು ಸುಲಭ, ನಾನೂ ಮಾಡಿದ್ದೇನೆ. ಅದಕ್ಕಿಂತ ಮುಖ್ಯವಾದದ್ದು, ಆ ಪುಸ್ತಕ ಮೈಸೂರಿನ ತರಗತಿಯ ಉಪನ್ಯಾಸಗಳಿಂದ ಬೆಳೆದದ್ದು. ವರ್ಷಾನುಗಟ್ಟಲೆ ಅದೇ ಪಾಠ ಹೇಳಿ, ಎದುರಿಗೆ ಕೂತವರಿಗೆ ಎಲ್ಲಿ ಅರ್ಥವಾಗುವುದಿಲ್ಲ ಅಂತ ನೋಡಿ ನೋಡಿ ಬರೆದ ವಾಕ್ಯಗಳು ಅವು. ಸಂಕಿರಣವೂ ಮೊದಲು ಹಾಗೇ ಇರಬಹುದಿತ್ತು. ಭಾರತೀಯ ತತ್ವಶಾಸ್ತ್ರ ಸಮ್ಮೇಳನ 1925ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಬಾರಿ ಸೇರಿದಾಗ ಅಧ್ಯಕ್ಷರು ರವೀಂದ್ರನಾಥ ಟಾಗೋರ್. ಪಂಡಿತರ ಮುಂದೆ ನಿಂತು ಅವರು ಮಾತಾಡಿದ್ದು ಬಂಗಾಳದ ಹಳ್ಳಿಗಳ ಬಾವುಲ್ ಹಾಡುಗಾರರ ತತ್ವದ ಬಗ್ಗೆ. ನಮ್ಮ ಕಡೆ ಹಾಗೆ ಮಾತಾಡುವುದಾದರೆ ಕೈವಾರದ ತಾತಯ್ಯನವರ ಪದಗಳಿವೆ, ತೆಲುಗಿನಲ್ಲೂ ಕನ್ನಡದಲ್ಲೂ. ಚಿಂತಾಮಣಿ ಕಡೆಯ ಭಜನೆಯವರು ಒಂದು ಚರಣದ ಅರ್ಥಕ್ಕೆ ಬೆಳಗಿನ ಜಾವದವರೆಗೂ ಜಗಳ ಆಡುವುದನ್ನು ಕಂಡಿದ್ದೇನೆ. ಅದನ್ನು ಯಾವ ಪತ್ರಿಕೆಗೆ ಕಳಿಸುವುದು ಅಂತ ಮಾತ್ರ ಕೇಳಬೇಡಿ.

ಕೊನೆಗೆ ಗೋರಕ್ಷನ ಪ್ರಬಂಧವನ್ನು ಕನ್ನಡದಲ್ಲಿ ಮೊದಲಿಂದ ಬರೆದು ಒಂದು ಸಣ್ಣ ಪತ್ರಿಕೆಗೆ ಕೊಟ್ಟೆ. ಅಂಕ ಇಲ್ಲ, ಶುಲ್ಕವೂ ಇಲ್ಲ. ಇಂಗ್ಲಿಷ್ ಪ್ರತಿ ಇನ್ನೊಂದು ಕಡೆ ಪರಿಶೀಲನೆಯಲ್ಲಿದೆ ಅಂತ ವೆಬ್‌ಸೈಟ್ ತೋರಿಸುತ್ತಲೇ ಇದೆ. ಕನ್ನಡದ್ದು ಅಚ್ಚಾದ ಮೇಲೆ ಶಿರಾ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸಂಪಾದಕರಿಂದ ವಿಳಾಸ ತೆಗೆದುಕೊಂಡು ಒಂದು ಇನ್‌ಲ್ಯಾಂಡ್ ಪತ್ರ ಬರೆದರು. ಒಕ್ಕಣೆಯೆಲ್ಲ ಆದ ಮೇಲೆ ಸೀದಾ ವಿಷಯಕ್ಕೆ ಬಂದಿದ್ದರು. ‘ನೀವು ಅಲ್ಲಮನ ಕಡೆ ವಾಲಿದ್ದೀರಿ. ಕತ್ತಿಗೆ ತಗುಲುವ ಮೈ ಮುಕ್ತ ಅಲ್ಲ ಅಂದಿರಿ, ಒಪ್ಪಿದೆ. ಕತ್ತಿಗೆ ತಗುಲದ್ದು ಮುಕ್ತ ಅಂತಾದರೆ ನಮ್ಮ ಒಲೆಯ ಹೊಗೆಯೂ ಮುಕ್ತವೇ?’

ದೇಶ ವಿದೇಶದ ಯಾವ ವಿಮರ್ಶಕರೂ ಇದನ್ನು ಕೇಳಿರಲಿಲ್ಲ. ನಾನು ಉತ್ತರ ಬರೆದೆ. ಅಲ್ಲಮ ಹೊಸ ಅಳತೆಗೋಲು ಕೊಡುತ್ತಿಲ್ಲ, ಗೋರಕ್ಷನ ಅಳತೆಗೋಲನ್ನು ಮುರಿಯುತ್ತಿದ್ದಾನೆ ಅಷ್ಟೆ. ‘ಮುರಿಯದ್ದೇ ಮುಕ್ತ’ ಅನ್ನುವುದನ್ನು ಕೆಡವುವುದಕ್ಕೆ ‘ತಗುಲದ್ದೇ ಮುಕ್ತ’ ಅಂತ ಸಾಧಿಸಬೇಕಾಗಿಲ್ಲ. ಹೊಗೆಗೆ ತಾನು ಮುಕ್ತ ಅನ್ನುವ ಹಮ್ಮೂ ಇಲ್ಲ, ಅದನ್ನು ಬಿಟ್ಟ ಅರಿವೂ ಇಲ್ಲ.

ಹತ್ತು ಹನ್ನೆರಡು ದಿನಕ್ಕೆ ಮತ್ತೆ ಪತ್ರ. ‘ಹಾಗಾದರೆ ಮೊದಲನೇ ಏಟಿಗೇ ವಾದ ಮುಗಿಯಿತಲ್ಲ. ಖಣಿಲ್ ಅಂತು, ಗೋರಕ್ಷ ಸೋತ. ಅಲ್ಲಮ ತನ್ನ ಮೈ ಒಡ್ಡಿದ್ದು ಯಾಕೆ? ನಿಮ್ಮ ಓದಿನಲ್ಲಿ ಎರಡನೇ ಏಟಿಗೆ ಕೆಲಸವೇ ಇಲ್ಲ.’

ಇದಕ್ಕೆ ನನ್ನ ಹತ್ತಿರ ಇರುವುದು ಅರ್ಧ ಉತ್ತರ. ಎರಡನೇ ಏಟು ವಾದಕ್ಕೆ ಬೇಕಿಲ್ಲ, ಗೋರಕ್ಷನಿಗೆ ಬೇಕು ಅಂತ ನನಗನ್ನಿಸುತ್ತದೆ. ವಾದದಲ್ಲಿ ಸೋತವನು ಬಾಯಿ ಮುಚ್ಚುತ್ತಾನೆ, ಬದಲಾಗುವುದಿಲ್ಲ. ಹೊಡೆಯುವ ಸರದಿ ಅವನಿಗೇ ಬಂದಾಗ ತನ್ನ ಅಳತೆಗೋಲು ಕೈಯಲ್ಲೇ ಜಾರಿಹೋಗುವುದು ಅವನಿಗೆ ಗೊತ್ತಾಗುತ್ತದೆ. ಇಷ್ಟು ಬರೆದು ಕಳಿಸಿದರೆ ಮೇಷ್ಟ್ರು ಏನು ಹೇಳುತ್ತಾರೆ ಅಂತ ಈಗಲೇ ಊಹಿಸಬಲ್ಲೆ. ‘ಹಾಗಾದರೆ ಪವಾಡ ಪಕ್ಕಕ್ಕಿಟ್ಟರೂ ನಿಲ್ಲುತ್ತದೆ ಅಂದಿರಲ್ಲ, ಪವಾಡ ಇಲ್ಲದೆ ಎರಡನೇ ಏಟು ಹೇಗೆ?’ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಸಿಗುವವರೆಗೆ ಪತ್ರ ಹಾಕಿಲ್ಲ. ಮುಂದಿನ ತಿಂಗಳು ಇಲ್ಲೇ ಒಂದು ಸಂಕಿರಣ ಇದೆ, ಸಾರಾಂಶ ಕಳಿಸಲು ಶನಿವಾರ ಕಡೇ ದಿನ. ಮೇಷ್ಟ್ರ ಎರಡನೇ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ, ಅವರನ್ನೂ ಕರೆಯುತ್ತೇನೆ ಅಂತ ಆಯೋಜಕರಿಗೆ ಹೇಳಿದ್ದೇನೆ. ನೋಂದಣಿ ಶುಲ್ಕ ಕಟ್ಟಿದರೆ ಬರಬಹುದಂತೆ.